ಭೀಮುವಿನ ಸ್ವಯಂಸೇವೆ

ಭೀಮು ಓದಿದ್ದರಲ್ಲಿ ತಪ್ಪಿರಲಿಲ್ಲ, ಅರ್ಥ ಮಾಡಿಕೊಂಡದ್ದರಲ್ಲಿತ್ತು. ಯಾದಗಿರಿ ಕಡೆಯಿಂದ ಬಂದು ಬೈಯಪ್ಪನಹಳ್ಳಿಯಲ್ಲಿ ಸೋದರಮಾವ ಮಾನಪ್ಪನ ಬಾಡಿಗೆ ಕೋಣೆ ಸೇರಿದ್ದ ಈ ಹುಡುಗನಿಗೆ ಬೆಂಗಳೂರಿನಲ್ಲಿ ಕೆಲಸವೊಂದು ಬಿಟ್ಟು ಮಿಕ್ಕೆಲ್ಲ ಸಿಕ್ಕಿತ್ತು. ಗಾರೆ ಕೆಲಸದ ಮಾನಪ್ಪ ಆ ಭಾನುವಾರ ಬೆಳಗ್ಗೆ ಕಡ್ಡಿ ಮುರಿದಂತೆ ಹೇಳಿಬಿಟ್ಟ: “ಸಂಜಿತನ ಕೆಲ್ಸ ಸಿಗ್ಲಿಲ್ಲಂದ್ರ ರಾತ್ರಿ ಗಾಡಿಗಿ ಊರಿಗಿ ನಡಿ.”

ಶಿವಾಜಿನಗರದ ದರ್ಶಿನಿಯೊಂದರ ಗೋಡೆಗೆ ಚೀಟಿ ಅಂಟಿತ್ತು: ‘ಸ್ವಯಂಸೇವಕರು ಬೇಕಾಗಿದ್ದಾರೆ. ಊಟದ ವ್ಯವಸ್ಥೆ ಇದೆ. ಹಿಂದಿನ ಗಲ್ಲಿಗೆ ಬನ್ನಿ.’ ಅದರ ಪಕ್ಕದಲ್ಲೇ ದರ್ಶಿನಿಯ ಬೋರ್ಡು ‘ಸ್ವಯಂ ಸೇವೆ’ ಎನ್ನುತ್ತಿತ್ತು. ಸ್ವಯಂ ಸೇವೆಯ ಹೋಟೆಲಿನಲ್ಲಿ ದುಡಿಯುವವರು ಸ್ವಯಂಸೇವಕರಲ್ಲದೆ ಇನ್ಯಾರು? ಭೀಮು ಇದ್ದೊಂದೇ ಬಿಳಿ ಅಂಗಿಯ ಕಾಲರು ಸರಿಮಾಡಿಕೊಂಡು ಹಿಂದಿನ ಗಲ್ಲಿಗೆ ಹೋದ.

ಅಲ್ಲಿದ್ದವಳು ಗಲ್ಲಿ ಸ್ವಚ್ಛಗೊಳಿಸಲು ಹೊರಟ ಯುವ ಬಳಗದ ಮುಂದಾಳು ಮಿಸ್ಬಾ, ಕಾನೂನು ಓದುವ ಹುಡುಗಿ. ಅನುಭವ ಇದೆಯಾ ಎಂದು ಕೇಳಿದಳು.

“ಊರಾಗ ಮದಿವ್ಯಾಗ ಬಡಿಸೀನ್ರಿ.”

ಎಂಥ ಸಮಾಜಮುಖಿ ಎಂದುಕೊಂಡ ಮಿಸ್ಬಾ ಅವನ ಕೈಗೆ ಸಲಿಕೆ ಕೊಟ್ಟು, ಗಲ್ಲಿಯ ತಿರುವಿನಲ್ಲಿದ್ದ ಕಸದ ಗುಡ್ಡ ತೋರಿಸಿದಳು. ಭೀಮು ಎದೆಗುಂದಲಿಲ್ಲ. ಯಾವ ಹೋಟೆಲಿನವರು ಮೊದಲ ದಿನವೇ ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸುತ್ತಾರೆ?

ಗಲ್ಲಿಗೆ ಗಲ್ಲಿಯೇ ಸಲಹೆ ಕೊಡಲು ನಿಂತಿತು. ಎಡದಿಂದ ಬಾಚು ಎಂದರು, ಬಲದಿಂದ ಬಾಚು ಎಂದರು, ಸಲಿಕೆ ಮಾತ್ರ ಯಾರೂ ಮುಟ್ಟಲಿಲ್ಲ. ಮಹಡಿಯ ಹೆಂಗಸೊಬ್ಬಳು ಅವನು ಗುಡಿಸಿದ ಜಾಗಕ್ಕೇ ಕಸದ ಕವರು ಎಸೆದು, ಹೇಗೂ ಎತ್ತುತ್ತಿದ್ದೀಯಲ್ಲಪ್ಪಾ ಎಂದಳು. ತಪ್ಪಿಸಿಕೊಳ್ಳಲು ಹೋದ ಭೀಮು ಜಾರಿ ಚರಂಡಿಗೆ ಬಿದ್ದ. ಎದ್ದಾಗ ಬಿಳಿ ಅಂಗಿ ಬಿಸಿಬೇಳೆಬಾತಿನ ಬಣ್ಣಕ್ಕೆ ತಿರುಗಿತ್ತು. ಇನ್ನೊಬ್ಬ ಸ್ವಯಂಸೇವಕ ಫಹೀಮ್ ಬೆಳಗ್ಗೆಯಿಂದ ನೆರಳಲ್ಲಿ ಪೊರಕೆಗೆ ಒರಗಿ ನಿಂತಿದ್ದ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಪರದೆ ಬಟ್ಟೆಯ ಅಂಗಡಿ ಇಟ್ಟಿರುವ ಖುರ್ಷೀದ್ ಸಾಹೇಬರು ಮನೆ ಮುಂದೆ ಕುರ್ಚಿ ಹಾಕಿಕೊಂಡು ಇದನ್ನೆಲ್ಲ ನೋಡುತ್ತಿದ್ದರು.

ಮಧ್ಯಾಹ್ನ ಕುಷ್ಕಾ ಅನ್ನದ ಪೊಟ್ಟಣ ಬಿಚ್ಚುತ್ತ ಭೀಮು ಮೆಲ್ಲಗೆ ಫಹೀಮನನ್ನು ಕೇಳಿದ: ಸಂಬಳ ದಿನದ್ದೋ, ತಿಂಗಳದ್ದೋ?

“ಸಂಬಳನಾ? ಮಗಾ, ಇದು ಪುಕ್ಕಟೆ ಸೇವೆ. ಕೊಡೋ ಹಾಗಿದ್ರೆ ನಾನೇ ಮೊದಲು ಕೈ ಚಾಚ್ತಿದ್ದೆ.”

ಭೀಮು ಎತ್ತಿದ ತುತ್ತನ್ನು ಪೊಟ್ಟಣಕ್ಕೇ ಇಳಿಸಿದ. ಅಷ್ಟರಲ್ಲಿ ಏನಂತೆ ಎಂದು ಮಿಸ್ಬಾ ತಿರುಗಿದಳು, ಎಲ್ಲರೂ ತಿರುಗಿದರು. ಭೀಮು ಪಾಪದ ಹುಡುಗ; ಹೊಟ್ಟೆಗಿಂತ ಮಾನ ದೊಡ್ಡದು ಎಂದುಕೊಂಡ. “ಸಂಬಳ ಕೊಡ್ತೀನಂದ್ರೂ ನಾ ಒಲ್ಲೆ, ಅಂತ ಹೇಳ್ಲಕತ್ತಿದ್ದೆ” ಎಂದ. ಚಪ್ಪಾಳೆ ಬಿತ್ತು. ಆಡಿದ ಮಾತಿಗೆ ಕಟ್ಟುಬಿದ್ದು ಸಂಜೆಯವರೆಗೆ ಗಲ್ಲಿಯ ಗೋಡೆಗೆ ಸುಣ್ಣವನ್ನೂ ಅವನೇ ಬಳಿದ.

ಕೊನೆಗೆ ನಾಲ್ಕು ಮಾತಾಡಲು ಖುರ್ಷೀದ್ ಸಾಹೇಬರು ಎದ್ದರು. “ನಮ್ಮ ಅಂಗಡಿಗೆ ನಿಯತ್ತಿನ ಹುಡುಗ ಬೇಕಿತ್ತು. ಅದಕ್ಕೇ ಬೆಳಗ್ಗೆಯಿಂದ ಇಲ್ಲಿ ಕೂತಿದ್ದೆ. ಈ ಭೀಮುನ ನೋಡಿ, ಇವನೇ ಅಂತ ಗಟ್ಟಿ ಮಾಡ್ಕೊಂಡೆ.”

ಭೀಮುವಿನ ಕಣ್ಣು ತುಂಬಿ ಬಂತು. ಚರಂಡಿಯೂ ಒಂದು ಕ್ಷಣ ಗಂಧದಂತೆ ಘಮಘಮಿಸಿತು.

“ಆದ್ರೆ ಊಟದ ಹೊತ್ತಲ್ಲಿ ಅವನ ಮಾತು ಕಿವಿಗೆ ಬಿತ್ತು. ಸಂಬಳ ಕೊಟ್ರೂ ಬೇಡ ಅನ್ನೋ ಮನುಷ್ಯನ್ನ ಅಂಗಡೀಲಿ ಕಟ್ಟಿಹಾಕೋದು ಪಾಪ. ಕೆಲಸ ಫಹೀಮ್‌ಗೆ ಕೊಟ್ಟಿದೀನಿ. ಅವನಿಗೆ ದುಡ್ಡು ಬೇಕಂತೆ.”

ಭೀಮು ಏನೋ ಹೇಳಲು ಬಾಯಿ ತೆರೆದ. ಚಪ್ಪಾಳೆಯಲ್ಲಿ ಅದು ಕೇಳಲಿಲ್ಲ. ಸನ್ಮಾನವೆಂದು ಹೆಗಲಿಗೆ ಪರದೆ ಬಟ್ಟೆಯ ಶಾಲು ಬಿತ್ತು. ಮುಂದಿನ ಭಾನುವಾರವೂ ಬರಬೇಕು ಎಂದಳು ಮಿಸ್ಬಾ.

ಕೋಣೆಯ ಬಾಗಿಲಲ್ಲೇ ಅವನ ಚೀಲ ಇಟ್ಟುಕೊಂಡು ಕುಳಿತಿದ್ದ ಮಾನಪ್ಪ ಶಾಲು ಕಂಡು ಎದ್ದು ನಿಂತ. “ಕೆಲ್ಸ ಸಿಕ್ತೇನೋ?”

“ಸಿಕ್ತು ಮಾಮಾ. ಬರೋ ಐತವಾರನೂ ಕರದಾರ.”

“ಸಂಬಳ?”

ಭೀಮು ಶಾಲು ತೆಗೆದು ಚೀಲದೊಳಗೆ ತುರುಕಿದ. “ಕೊಡ್ತಿದ್ರು. ನಾನೇ ಬ್ಯಾಡಂದೆ.”