ಖೋ-ಖೋ ತಂಡಕ್ಕೆ ಮೂರು ರವಿಕೆ ಕಣ

ನನಗೆ ಹೊಲಿಗೆ ಬರುತ್ತದೆ. ಇದನ್ನು ಜಂಬದಿಂದ ಹೇಳುತ್ತಿಲ್ಲ. ಕಾನ್ವೆಂಟಿನಲ್ಲಿ ಏಳನೇ ತರಗತಿಯಲ್ಲಿದ್ದಾಗ ಕರ್ಚೀಫಿನ ಮೂಲೆಯಲ್ಲಿ ನಾನು ಹಾಕಿದ ಗುಲಾಬಿಯ ಕಸೂತಿ ನೋಡಿ ನಮ್ಮ ಸಿಸ್ಟರ್, "ವೆರಿ ನೀಟ್ ಕ್ಯಾಬೇಜ್" ಎಂದು ಮೆಚ್ಚಿದ್ದರು. ಅಂದು ಹುಟ್ಟಿದ ಆತ್ಮವಿಶ್ವಾಸ ಇಂದಿಗೂ ಕುಂದಿಲ್ಲ.

ಆದ್ದರಿಂದ ಮಗಳು ಮಾನ್ಯ ಶಾಲೆಯಿಂದ ಬಂದು, "ಅಮ್ಮ, ಪ್ರಾಜೆಕ್ಟ್ ಕೊಟ್ಟಾರೆ. ಭಾರತದ ಖೋ-ಖೋ ಟೀಮಿಗೆ ಯೂನಿಫಾರ್ಮ್ ಡಿಸೈನ್ ಮಾಡ್ಬೇಕಂತೆ" ಎಂದಾಗ ನನ್ನ ಬೆರಳುಗಳು ತಾವಾಗಿಯೇ ಸೂಜಿ ಹುಡುಕಿದವು.

"ಯಾರ್ದು ಚೆನ್ನಾಗಿರ್ತೈತೋ ಅವ್ರು ಸೋಮವಾರ ತಾಲ್ಲೂಕು ಕ್ರೀಡಾಕೂಟದಾಗೆ ಬಾವುಟ ಹಿಡ್ಕಂಡು ಎಲ್ಲರಿಗಿಂತ ಮುಂದೆ ನಡೀತಾರೆ" ಎಂದಳು ಮಾನ್ಯ.

ಅವಳ ಕಣ್ಣು ಹೊಳೆಯುತ್ತಿತ್ತು. ಕಾರಣವಿತ್ತು. ಮಾನ್ಯ ಗಿಡ್ಡಿ. ಯಾವ ಪಥಸಂಚಲನದಲ್ಲೂ ಅವಳು ಯಾರಿಗೂ ಕಂಡಿದ್ದೇ ಇಲ್ಲ. ಕಳೆದ ವರ್ಷ ನ್ಯಾಮತಿಯಿಂದ ಹೊನ್ನಾಳಿಗೆ ಬಸ್ಸು ಹತ್ತಿ ಬಂದ ಅವಳ ಅಜ್ಜಿ, ಅಂದರೆ ನಮ್ಮತ್ತೆ, "ರಿಬ್ಬನ್ ಕಂಡಂಗಾತು, ಹುಡುಗಿ ಕಾಣಲಿಲ್ಲ" ಎಂದು ವಾಪಸು ಹೋಗಿದ್ದರು. ಈ ಬಾವುಟ ಅವಳಿಗೆ ಬೇಕೇ ಬೇಕಿತ್ತು.

"ಡ್ರಾಯಿಂಗ್ ಶೀಟಿನಾಗೆ ಬಿಡಿಸಿದ್ರೆ ಸಾಕಮ್ಮ."

"ಶೀಟಿನಲ್ಲಿ ಎಲ್ಲರೂ ಬಿಡಿಸ್ತಾರೆ ಪುಟ್ಟಿ. ನಾವು ನಿಜವಾಗಿ ಹೊಲಿಯೋಣ."

ನಾವು ಅಂದರೆ ನಾನು!

ಬಟ್ಟೆಗೇನು ಬರ? ಬೀರುವಿನ ಕೆಳಗಿನ ಅರೆಯಲ್ಲಿ ರವಿಕೆ ಕಣಗಳ ರಾಶಿಯೇ ಇತ್ತು. ಗೃಹಪ್ರವೇಶ, ಸೀಮಂತ, ನಾಮಕರಣ, ಯಾವ ಮನೆಗೆ ಹೋದರೂ ಅರಿಶಿನ ಕುಂಕುಮದ ಜೊತೆ ಒಂದು ಕಣ ಕೊಡುತ್ತಾರೆ. ಅದನ್ನು ಯಾರೂ ಹೊಲಿಸುವುದಿಲ್ಲ, ಮುಂದಿನ ಮನೆಗೆ ದಾಟಿಸುತ್ತಾರೆ. ನಾನು ಸವಳಂಗದ ಒಂದು ಮನೆಗೆ ಕೊಟ್ಟಿದ್ದ ನೀಲಿ ಕಣ, ಮೂಲೆಯಲ್ಲಿದ್ದ ಅರಿಶಿನದ ಚುಕ್ಕಿಯ ಸಮೇತ, ಎರಡು ವರ್ಷದ ಮೇಲೆ ಚನ್ನಗಿರಿಯ ಸೀಮಂತದಲ್ಲಿ ನನ್ನ ಮಡಿಲಿಗೇ ಬಂದು ಬಿದ್ದಿತ್ತು! ಅದೇ ನೀಲಿಯ ಇನ್ನೆರಡು ಸಿಕ್ಕವು. ದೇಶದ ಹಿತದೃಷ್ಟಿಯಿಂದ ಮೂರರ ಪ್ರವಾಸವನ್ನೂ ನಿಲ್ಲಿಸಿದೆ.

ನಮ್ಮ ಯಜಮಾನರು ಸರ್ವೆ ಇಲಾಖೆಯವರು. ನಾನು ನೆಲದ ಮೇಲೆ ಹಾಸಿದ ಮೂರು ತುಂಡುಗಳನ್ನು ನಿಂತೇ ಪರಿಶೀಲಿಸಿದರು.

"ಅಲ್ವೇ, ಇದೇನು ಅಣ್ಣತಮ್ಮರು ಜಮೀನು ಪಾಲು ಮಾಡ್ಕಂಡಂಗೆ ಐತೆ?"

"ನಿಮಗೆ ಬದು ಬಿಟ್ಟು ಬೇರೇನು ಕಾಣುತ್ತೆ ಹೇಳಿ."

"ಎರಡು ತೋಳೂ ಬಲಗೈದೇ ಅದಾವೆ, ಅದು ಕಾಣ್ತೈತೆ."

ಕತ್ತರಿಸಿದ್ದು ನಾನೇ. ನಿಜಕ್ಕೂ ಎರಡೂ ಬಲಗೈಯವೇ ಆಗಿದ್ದವು. ಈ ಸಣ್ಣ ತಾಂತ್ರಿಕ ಅಡಚಣೆಯ ನಿವಾರಣೆಗಾಗಿ, ಪಕ್ಕದ ಬೀದಿಯಲ್ಲಿ ರವಿಕೆ ಹೊಲಿಯುವ ರೇಣುಕಕ್ಕನ ಬಳಿ ಹೋದೆ. ಇಪ್ಪತ್ತು ವರ್ಷದಿಂದ ರವಿಕೆ ಬಿಟ್ಟು ಬೇರೇನನ್ನೂ ಹೊಲಿಯದ ಮಹಾನುಭಾವೆ.

"ಹುಕ್ಕು ಮುಂದಕ್ಕೋ ಹಿಂದಕ್ಕೋ?"

"ಹುಕ್ಕು ಬೇಡ ಅಕ್ಕ. ಇದು ಭಾರತ ತಂಡದ ಜೆರ್ಸಿ."

"ಯಾವ ತಂಡನಾದ್ರೂ ಆಗ್ಲಿ, ತಲೆ ತೂರಬೇಕಲ್ರೀ! ಅದಿರ್ಲಿ, ಕಣಾನ ಉಪ್ಪು ನೀರಾಗೆ ನೆನೆ ಹಾಕಿದ್ರಾ? ಈ ನೀಲಿ ನಂಬಾಕೆ ಆಗಲ್ಲ."

"ನೆನೆಸಿದರೆ ಗಂಜಿ ಹೋಗಿ ಮೆತ್ತಗಾಗುತ್ತೆ ಅಕ್ಕ. ಗರಿಗರಿಯಾಗಿರಬೇಕು, ಫಿನಿಶಿಂಗ್ ಮುಖ್ಯ."

ರೇಣುಕಕ್ಕ ನನ್ನನ್ನು ಒಮ್ಮೆ ನೋಡಿ, ಬಾಯಲ್ಲಿದ್ದ ದಾರವನ್ನು ಕಚ್ಚಿ ತುಂಡರಿಸಿದಳು. ಆ ನೋಟದ ಅರ್ಥ ನನಗೆ ಆಗಲೇ ತಿಳಿಯಬೇಕಿತ್ತು.

ಶುಕ್ರವಾರ ಸಂಜೆ ರಾಷ್ಟ್ರೀಯ ಸಮವಸ್ತ್ರ ಸಿದ್ಧವಾಯಿತು. ಎದೆಯ ಮೇಲೆ ಕೇಸರಿ ದಾರದಲ್ಲಿ ನಾನು ಕಸೂತಿ ಮಾಡಿದ 'ಭಾರತ'. ತೋಳಿನಂಚಿಗೆ ರೇಣುಕಕ್ಕ ಸ್ವಂತ ಬುದ್ಧಿಯಿಂದ ಹಚ್ಚಿದ ಜರಿ. ಬೆನ್ನಿಗೆ ಐದು ಹುಕ್ಕು. ಕತ್ತಿನ ಹಿಂದೆ ದಾರ, ದಾರದ ತುದಿಗೆ ಎರಡು ಕುಚ್ಚು!

"ಅಮ್ಮ, ಇದನ್ನ ಹಾಕ್ಕಂಡು ಖೋ-ಖೋ ಆಡಾಕೆ ಹೋಗ್ಬೇಕಾ, ಆರತಿ ಮಾಡಾಕಾ?" ಎಂದಳು ಮಾನ್ಯ.

ಶನಿವಾರ ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಬಿಳಿ ಅಂಗಿ. ಪ್ರಾಜೆಕ್ಟುಗಳನ್ನು ನೋಡಲು ಪಾಲಕರೂ ಬರಬಹುದು ಎಂದಿದ್ದರಿಂದ ನಾನೂ ಹೋದೆ. ಡ್ರಾಯಿಂಗ್ ಶೀಟುಗಳನ್ನೆಲ್ಲ ನೋಡಿ ಬಂದ ಪಿ.ಟಿ. ಮಾಸ್ತರು ನಮ್ಮ ಜೆರ್ಸಿಯ ಮುಂದೆ ನಿಂತುಬಿಟ್ಟರು.

"ಬಟ್ಟೇಲೇ ಮಾಡೀರಲ್ರೀ ಮೇಡಂ! ಹಾಕ್ಕಂಡು ಒಂದು ಆಟ ಆಡ್ಲಿ, ನೋಡೇಬಿಡಾಣ."

ನಾನು ಸುತ್ತಲಿನ ತಾಯಂದಿರ ಕಡೆ ವಿನಯದಿಂದ ನಕ್ಕೆ. ಬಾವುಟ ಅರ್ಧ ನಮ್ಮ ಮನೆಗೆ ಬಂದಾಗಿತ್ತು.

ಮಾನ್ಯ ಬಿಳಿ ಅಂಗಿಯ ಮೇಲೆಯೇ ಜೆರ್ಸಿ ಏರಿಸಿ, ಎಂಟು ಮಂದಿ ಬಿಳಿ ಅಂಗಿಯ ಹುಡುಗಿಯರ ಜೊತೆ ಅಂಕಣಕ್ಕಿಳಿದಳು. ಬಿಸಿಲು ಚುರುಗುಟ್ಟುತ್ತಿತ್ತು. ಐದು ನಿಮಿಷಕ್ಕೆ ಬೆವರು ಕಿತ್ತುಕೊಂಡಿತು. ಖೋ-ಖೋ ಆಟದ ನಿಯಮ ನಿಮಗೆ ಗೊತ್ತು: ಕೂತವರ ಬೆನ್ನು ಮುಟ್ಟಿ 'ಖೋ' ಎನ್ನಬೇಕು. ಮಾನ್ಯಳ ಬೆನ್ನು ಮುಟ್ಟಿದವಳ ಅಂಗೈ ನೀಲಿಯಾಯಿತು. ಅವಳು ಮಾನ್ಯಳ ಜಾಗದಲ್ಲಿ ಕೂತು, ತನ್ನ ಸರದಿ ಬಂದಾಗ ಎದ್ದು ಓಡಿ ಇನ್ನೊಬ್ಬಳ ಬೆನ್ನು ಮುಟ್ಟಿದಳು. ಖೋ! ಅಲ್ಲೊಂದು ನೀಲಿ ಹಸ್ತ. ಮಾನ್ಯ ತನ್ನ ಜೆರ್ಸಿಗೇ ಕೈ ಒರೆಸಿಕೊಂಡು ಮತ್ತೊಬ್ಬಳನ್ನು ಮುಟ್ಟಿದಳು. ಖೋ! ಇನ್ನೊಂದು ಹಸ್ತ. ಆಟ ರಂಗೇರಿತು, ಅಕ್ಷರಶಃ. ಸೀಟಿ ಊದುವ ಹೊತ್ತಿಗೆ ಎಂಟೂ ಬಿಳಿ ಬೆನ್ನುಗಳ ಮೇಲೆ ಐದೈದು ಬೆರಳು ಲೆಕ್ಕಕ್ಕೆ ಸಿಗುವಂತೆ ಮೂಡಿದ್ದವು. ಎದೆಯ ಮೇಲಿನ 'ಭಾರತ'ವೂ ಕೇಸರಿ ಬಿಟ್ಟು ನೀಲಿಗೆ ಪಕ್ಷಾಂತರ ಮಾಡಿತ್ತು!

"ಯಾರ್ರೀ ಇದು, ನಮ್ಮ ಹುಡುಗಿ ಬೆನ್ನಿಗೆ ಅಚ್ಚು ಒತ್ತಿರೋದು?" ಎಂದು ಒಬ್ಬ ತಾಯಿ ಎದ್ದು ನಿಂತರು. "ಸೋಮವಾರ ಪಥಸಂಚಲನಕ್ಕೆ ಇದೇ ಅಂಗಿ ಬೇಕಿತ್ತು!"

ಬಾವುಟ ಸ್ಕೆಚ್ ಪೆನ್ನಿನಲ್ಲಿ ನೀಟಾಗಿ ಬಿಡಿಸಿದ್ದ ಉದ್ದನೆಯ ಹುಡುಗಿಯೊಬ್ಬಳ ಪಾಲಾಯಿತು. ಮಾನ್ಯ ಕತ್ತಿನ ಕುಚ್ಚನ್ನು ಬಿಚ್ಚುತ್ತ ನೆಲ ನೋಡುತ್ತಿದ್ದಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ನಾನು ತಡೆಯಲಾರದೆ ಘೋಷಿಸಿಬಿಟ್ಟೆ: "ಎಲ್ಲ ಅಂಗಿಗಳನ್ನೂ ಕೊಡಿ. ನಾನೇ ಒಗೆದು, ಇಸ್ತ್ರಿ ಮಾಡಿ ಮನೆಮನೆಗೆ ಮುಟ್ಟಿಸುತ್ತೇನೆ!"

ಎಂಟು ಅಂಗಿ ಸಂಜೆಯೊಳಗೆ ಬಂದವು, ಮಾನ್ಯಳದ್ದೂ ಸೇರಿ ಒಂಬತ್ತು. ವಾಷಿಂಗ್ ಮೆಷಿನ್ನಿಗೆ ಹಾಕಿದೆ, ಬಿಸಿನೀರು ಬಿಟ್ಟೆ, ಸೋಪಿನ ಪುಡಿ ಧಾರಾಳವಾಗಿ ಸುರಿದೆ. ಜೆರ್ಸಿಯೊಂದೇ ಬೆವರು ವಾಸನೆಯಲ್ಲಿ ಮೂಲೆಯಲ್ಲಿ ಬಿದ್ದಿತ್ತು. ಅದೊಂದು ಯಾಕೆ ಉಳಿಯಬೇಕು?

ಅದನ್ನೂ ಹಾಕಿದೆ.

ಮುಚ್ಚಳ ತೆಗೆದಾಗ ಒಂದು ಹಸ್ತದ ಗುರುತೂ ಉಳಿದಿರಲಿಲ್ಲ. ಒಂದು ಬಿಳಿ ಅಂಗಿಯೂ ಉಳಿದಿರಲಿಲ್ಲ.

"ಪರವಾಗಿಲ್ಲ, ಎಲ್ಲಾ ಒಂದೇ ಸಮ ಬಂದೈತೆ. ಇಲ್ಲಿ ಯಾವ ತಕರಾರಿಗೂ ಜಾಗ ಇಲ್ಲ" ಎಂದು ಯಜಮಾನರು ಸರ್ವೆ ವರದಿ ಕೊಟ್ಟರು.

ಭಾನುವಾರ ಎಂಟು ಮನೆಗಳ ಬಾಗಿಲಲ್ಲಿ ನಾನು ಆಡಿದ ಮಾತು, ಕೇಳಿದ ಮಾತು ಇಲ್ಲಿ ಬೇಡ.

ಸೋಮವಾರ ಇಡೀ ಶಾಲೆ ಬಿಳಿ, ಒಂಬತ್ತು ಹುಡುಗಿಯರು ಮಾತ್ರ ತಿಳಿನೀಲಿ. ಹಿಂದೆ ನಿಲ್ಲಿಸಿದರೆ ಸಾಲು ಕೆಡುತ್ತದೆಂದು ಪಿ.ಟಿ. ಮಾಸ್ತರು ಅವರನ್ನು ಬಾವುಟದ ಹಿಂದೆಯೇ, ಮೊದಲ ಸಾಲಿಗೆ ಹಾಕಿದರು. ಮಾನ್ಯಳ ಕೈಯಲ್ಲಿ ಬಾವುಟ ಇರಲಿಲ್ಲ ನಿಜ, ಆದರೆ ನಮ್ಮತ್ತೆ ಮೊದಲ ಬಾರಿಗೆ ಮೊಮ್ಮಗಳನ್ನು ಮುಖದ ಸಮೇತ ನೋಡಿ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಅತಿಥಿಯಾಗಿ ಬಂದಿದ್ದ ಹಿರಿಯರೊಬ್ಬರು ವೇದಿಕೆಯಿಂದ ಇಳಿದು ಬಂದು ಆ ಸಾಲನ್ನು ಮೆಚ್ಚಿ ನೋಡಿದರು. "ಭಾಳ ಚೆಂದೈತಲ್ಲ ಈ ಬಣ್ಣ! ಯಾರಮ್ಮ ಡಿಸೈನ್ ಮಾಡಿದ್ದು?"

ನಾನು ಸೆರಗು ಸರಿ ಮಾಡಿಕೊಂಡೆ.

"ನಮ್ಮಮ್ಮ ಸಾರ್" ಎಂದಳು ಮಾನ್ಯ, ಇಡೀ ಮೈದಾನಕ್ಕೆ ಕೇಳುವಂತೆ. "ಡಿಸೈನ್ ಮಾಡಿದ್ದಲ್ಲ, ಒಗೆದಿದ್ದು!"