ತಿಕ್ಕಿ ತೆಗೆದ ಕಚ್ಚುಗಳು

ನನಗೊಂದು ದುರಭ್ಯಾಸವಿದೆ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹಳೆಯದೇನನ್ನು ಕಂಡರೂ ತಿಕ್ಕಿ ಬೆಳಗಬೇಕು ಅನ್ನಿಸುತ್ತದೆ. ಮದುವೆಯಲ್ಲಿ ಅತ್ತೆಯವರು ಕೊಟ್ಟ ಹಿತ್ತಾಳೆ ತಂಬಿಗೆಯನ್ನು, ಅದರ ಮೇಲೆ ಕೊರೆಸಿದ್ದ ಅವರ ಹೆಸರೇ ಮಾಯವಾಗುವಷ್ಟು ಬೆಳಗಿದವನು ನಾನು. ಹೆಂಡತಿ ಶರಣಮ್ಮ ಆ ದಿನ ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಈ ಚಟಕ್ಕೆ ಪುರುಸೊತ್ತೂ ಸಿಕ್ಕಿತು, ಆಳಂದದ ಖಾಜಾಸಾಬ್ ಉಸ್ತಾದರ ಹಳೆಯ ಲೇಥೂ ಸಿಕ್ಕಿತು.

ಲೇಥೆಂದರೆ ಲೋಹವನ್ನು ಗರಗರ ತಿರುಗಿಸಿ ಕೆತ್ತುವ ಯಂತ್ರ. ಕಿಣ್ಣಿ ಸುಲ್ತಾನವೆಂಬ ನಮ್ಮೂರಿನ ಹೊಲದ ಪಂಪು ಕೆಟ್ಟಾಗೆಲ್ಲ ಅಪ್ಪ ನನ್ನನ್ನು ಸೈಕಲ್ಲಿನ ಹಿಂದೆ ಕೂಡಿಸಿಕೊಂಡು ಉಸ್ತಾದರ ಅಂಗಡಿಗೆ ಹೋಗುತ್ತಿದ್ದ. ಭೂಸನೂರಿನ ಕಬ್ಬಿನ ಗಾಣದವರೂ ಅಲ್ಲೇ ಕಾದು ಕೂತಿರುತ್ತಿದ್ದರು. ಉಸ್ತಾದರು ಎತ್ತಲೋ ನೋಡುತ್ತ, ಹರಟುತ್ತಲೇ ಉಳಿಯನ್ನು ಸರಿಸುವ ಕೈಚಕ್ರ ತಿರುಗಿಸಿದರೆ ಪಂಪಿನೊಳಗಿನ ಬಳೆಯಂಥ ಹಿತ್ತಾಳೆ ಬುಶ್ಶು ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಾಗದೆ ಹೊರಬರುತ್ತಿತ್ತು. ಬಿಸಿ ಎಣ್ಣೆಯ ಆ ವಾಸನೆ ಬಂದರೆ ಇವತ್ತಿಗೂ ನನಗೆ ಅಪ್ಪನ ನೆನಪಾಗುತ್ತದೆ.

ಉಸ್ತಾದರ ಕಣ್ಣು ಮಂಜಾಗಿ ಅಂಗಡಿ ಮುಚ್ಚಿದಾಗ ಗುಜರಿಯವನು ತಕ್ಕಡಿ ಹಿಡಿದು ಬಂದ. ನನಗೆ ತಡೆಯಲಾಗಲಿಲ್ಲ, ಲೇಥನ್ನು ಮನೆಗೆ ಹೇರಿಸಿಕೊಂಡು ಬಂದೆ. ಉಸ್ತಾದರು ಕೇಳಿದ್ದು ಒಂದೇ. "ಮಷೀನ್ ನಡೀತಂದ್ರ ನನಗ ಕರೀರಿ ಮಾಸ್ತರ್. ಕಣ್ಣು ಪೂರಾ ಹೋಗೂದ್ರಾಗ ನಿಮ್ಮ ಅಪ್ಪಾರ ಪಂಪಿಂದು ಇನ್ನೊಂದ್ ಬುಶ್ ಮಾಡಬೇಕಂತ ಮನಸಿನ್ಯಾಗ ಅದ." ಲೇಥನ್ನು ತೊಗರಿ ಚೀಲಗಳ ಕೋಣೆಯಲ್ಲಿ ನಿಲ್ಲಿಸಿದ್ದಕ್ಕೆ ಶರಣಮ್ಮ, "ತೊಗರಿ ನನ್ನ ತಲಿ ಮ್ಯಾಲ ಇಟ್ಕೊಳ್ಳೇನ್ರಿ?" ಎಂದಳು. ಮೂರು ತಿಂಗಳು ಡೀಸೆಲ್ಲು, ಉಜ್ಜುಕಾಗದ, ನಾನು. ಕೈಚಕ್ರದ ಅಂಚಿನ ತುಂಬ ಹತ್ತಾರು ಕಚ್ಚುಗಳಿದ್ದವು. ಪಾಪ, ಎಷ್ಟು ಪೆಟ್ಟು ತಿಂದಿದೆ ಎಂದು ಮರುಗಿ, ಎಂಟು ದಿನ ಕೂತು ಅರದಿಂದ ಎಲ್ಲವನ್ನೂ ಉಜ್ಜಿ ತೆಗೆದೆ. ಅದರಲ್ಲಿ ಮುಖ ನೋಡಿಕೊಂಡು ಮೀಸೆ ಕತ್ತರಿಸಬಹುದಿತ್ತು.

ಲೇಥು ತಿರುಗಿದ ದಿನವೇ ಹೇಳಿಕಳಿಸಿದೆ, ಉಸ್ತಾದರು ಬಂದರು. ಅವರ ಹೆಬ್ಬೆರಳು ಚಕ್ರದ ಅಂಚಿನ ಮೇಲೆ ಒಂದು ಸುತ್ತು ಹೋಯಿತು, ಇನ್ನೊಂದು ಸುತ್ತು ಹೋಯಿತು, ನಿಂತಿತು.

"ಮಾಸ್ತರ್, ಇದು ನಂದಲ್ರಿ. ನನ್ನ ಕಚ್ಚು ಎಲ್ಲಿ ಅವ?"

"ಎಲ್ಲಾ ಸಾಫ್ ಮಾಡೀನ್ರಿ ಉಸ್ತಾದ!" ಎಂದೆ ಹೆಮ್ಮೆಯಿಂದ.

ಅವರು ತೊಗರಿ ಚೀಲದ ಮೇಲೆ ಕುಸಿದು ಕೂತರು. "ಚಕ್ರದ ಮ್ಯಾಲಿನ ನಂಬರ್ ಸವದು ಎಷ್ಟೋ ವರ್ಸಾತ್ರಿ. ಒಂದೊಂದು ಪಂಪಿಗಿ ಒಂದೊಂದು ಕಚ್ಚು ಹಾಕಿದ್ದೆ, ಬೆರಳಿಗಿ ಗೊತ್ತಾಗ್ಲಿ ಅಂತ. ನಿಮ್ಮ ಅಪ್ಪಾರ ಪಂಪಿಂದೂ ಇತ್ತು."

ನನಗೆ ನಾಚಿಕೆಯಾಯಿತು. ಅಪ್ಪನನ್ನೇ ಕೈಯಾರೆ ಉಜ್ಜಿಹಾಕಿದೆ ಅನ್ನಿಸಿ ಅಳು ಬಂತು. ಅಷ್ಟರಲ್ಲಿ ಶರಣಮ್ಮ ಒಳಗಿನಿಂದ ಬಂದು ಉಸ್ತಾದರ ಅಂಗೈಯಲ್ಲಿ ಒಂದು ಬುಶ್ಶು ಇಟ್ಟಳು. ಅಪ್ಪನ ಪಂಪಿನದು, ಕಪ್ಪಗಾಗಿತ್ತು. "ಇವರ ಕೈಗಿ ಸಿಕ್ರ ಇದನ್ನೂ ತಿಕ್ತಾರಂತ ಬ್ಯಾಳಿ ಡಬ್ಬ್ಯಾಗ ಮುಚ್ಚಿಟ್ಟಿದ್ದೆರಿ" ಎಂದಳು.

ಉಸ್ತಾದರು ಅದನ್ನು ಲೇಥಿಗೆ ಕಟ್ಟಿ, ಉಳಿ ಅದರ ಮೈಗೆ ತಾಗುವವರೆಗೆ ಚಕ್ರ ತಿರುಗಿಸಿ, ಅದು ನಿಂತಲ್ಲಿ ಚಕ್ರದ ಅಂಚಿಗೆ ಅರದಿಂದ ಒಂದು ಕಚ್ಚು ಹಾಕಿದರು. ಆಮೇಲೆ ಹೊಸ ಹಿತ್ತಾಳೆ ಕಟ್ಟಿ, ಹೆಬ್ಬೆರಳಿಗೆ ಆ ಕಚ್ಚು ಸಿಗುವವರೆಗೆ ಕೆತ್ತಿದರು. ಬುಶ್ಶು ಬಂತು. ಬಿಸಿ ಎಣ್ಣೆಯ ವಾಸನೆಯೂ ಬಂತು.

ಮೊನ್ನೆ ಜೇವರ್ಗಿಯಿಂದ ಬಂದ ನೆಂಟರೊಬ್ಬರು ಲೇಥನ್ನು ಹೊಗಳಿ, "ಎಲ್ಲಾ ಚಂದ ಮಾಡೀರಿ, ಇಲ್ಲೊಂದು ಕಚ್ಚು ಉಳದದ ನೋಡ್ರಿ. ಉಜ್ಜುಕಾಗದ ಎಲ್ಲದ?" ಎಂದರು. ಅದು ಯಾವ ಡಬ್ಬಿಯಲ್ಲಿದೆಯೋ ಶರಣಮ್ಮನಿಗೇ ಗೊತ್ತು. ನಾನೂ ಕೇಳಿಲ್ಲ.