ಐದು ಕಪ್, ಆರು ಬಶಿ

ಯುರೋಪಿನ ಹಳೆಯ ಪಿಂಗಾಣಿ ಚಹಾ ಸಾಮಾನು ಕೂಡಿಹಾಕುವವನನ್ನು ಬೆಳಗಾವಿಯಲ್ಲಿ ಯಾರೂ ವಿರೋಧಿಸುವುದಿಲ್ಲ. ಎಲ್ಲರೂ ಸಹಾಯ ಮಾಡುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿಂದ.

೧. ಹುಣಸೆಹಣ್ಣು

ರವಿವಾರ ಪೇಟೆಯ ಸಗಟು ವ್ಯಾಪಾರಿಯೊಬ್ಬರ ಅಟ್ಟದಲ್ಲಿ, ದಂಡಿನ ಕ್ಯಾಂಪಿನ ಯಾವನೋ ಬ್ರಿಟಿಷ್ ಸಾಹೇಬ ಬಿಟ್ಟುಹೋದ ಚಹಾ ಸೆಟ್ ಇತ್ತು. ಐದು ಕಪ್, ಅವುಗಳ ಕೆಳಗಿಡುವ ಆರು ಬಶಿ. ಕೈಯಿಂದ ಬರೆದ ಗುಲಾಬಿ, ಅಂಚಿಗೆ ಚಿನ್ನದ ಗೆರೆ. ನಾಳೆ ಬಂದು ಒಯ್ಯುತ್ತೇನೆ ಎಂದೆ. ಅದೇ ತಪ್ಪು.

ಮರುದಿನ ಹೋದರೆ ಚಿನ್ನ ಮಾಯ.

"ಬರ್ರಿ ಸರ್, ಕುಂದರ್ರಿ. ಗಿರಾಕಿಗೆ ಹೊಲಸು ಸಾಮಾನು ಹೆಂಗ ಕೊಡೂದ್ರಿ? ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕಿಸೀನಿ," ಎಂದರು.

ಒಂದೇ ಒಂದು ಬಶಿಯಲ್ಲಿ ಗೆರೆ ಉಳಿದಿತ್ತು. ನಾನು ಅದನ್ನೇ ನೋಡುತ್ತ ನಿಂತೆ. ಅವರಿಗೆ ನಾಚಿಕೆಯಾಯಿತು.

"ಅದೊಂದು ಉಳದೈತ್ರಿ. ಎರಡ ಮಿನಿಟ್ ನಿಂದರ್ರಿ, ತಿಕ್ಕಿ ಕೊಡತೀನಿ."

೨. ಬಶಿಯ ಆಳ

ಹಿಂದವಾಡಿಯ ನಮ್ಮ ಮನೆಯ ಕಪಾಟಿನಲ್ಲಿ ಐದು ಕಪ್ ಕುಳಿತವು. ಆರನೆಯ ಬಶಿ ಬರಿದು. ಆ ಖಾಲಿ ಜಾಗ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತಿತ್ತು; ತುಂಬಿಸದೆ ನನಗೆ ಸಮಾಧಾನವಿರಲಿಲ್ಲ.

ಒಂದು ದಿನ ಅನಗೋಳದಿಂದ ಹೆಂಡತಿಯ ಸೋದರಮಾವ ಬಂದರು. ನಾನು ಏಳುವಷ್ಟರಲ್ಲಿ ಆ ಬಶಿ ಅವರ ಕೈಯಲ್ಲಿತ್ತು, ಅದರಲ್ಲಿ ಚಹಾ ಇತ್ತು.

"ಅಳಿಯಂದ್ರ, ಬಶಿ ಛಲೋ ಆಳ ಅದ. ಆಗಿನ ಮಂದಿಗೆ ಚಾ ಕುಡ್ಯೂದು ಗೊತ್ತಿತ್ತು."

ಸರಿಯೇ. ಹಿಂದೆ ಯುರೋಪಿನವರೂ ಬಶಿಗೆ ಸುರಿದುಕೊಂಡೇ ಕುಡಿಯುತ್ತಿದ್ದರು. ನಾನು ನಾಲ್ಕು ಪುಸ್ತಕ ಓದಿ ತಿಳಿದದ್ದನ್ನು ಅವರು ಒಂದು ಗುಟುಕಿಗೆ ತಿಳಿದರು.

"ಆದ್ರ ಒಂದು ಕಪ್ ಇಲ್ಲಲ್ರಿ ಮಾವಾರ," ಎಂದೆ.

"ಬಶಿ ಆರೂ ಅದಾವಲ್ಲ? ಸೆಟ್ ಪೂರಾ ಐತಿ ಬಿಡ್ರಿ."

೩. ಉಡಿ

ಅಂಥದೇ ಕಪ್ ಖಾನಾಪುರದ ತಮ್ಮ ಬೀಗರ ಮನೆಯಲ್ಲಿದೆ ಎಂದವರೂ ಆ ಸೋದರಮಾವನವರೇ. ಹೋದೆ. ಪಡಸಾಲೆಯ ದೇವರ ಗೂಡಿನಲ್ಲಿ ಅದೇ ಗುಲಾಬಿ, ಚಿನ್ನದ ಗೆರೆ ಸಮೇತ. ಒಳಗೆ ವಿಭೂತಿ. ಕೇಳಿದಷ್ಟು ಕೊಡುತ್ತೇನೆಂದೆ.

"ಮನಿ ಸಾಮಾನು ಮಾರಾಂಗಿಲ್ಲಪಾ. ಚಾ ಕುಡಿ," ಎಂದರು ಆ ಮನೆಯ ಅಜ್ಜಿ. ಚಹಾ ಸ್ಟೀಲ್ ಲೋಟದಲ್ಲಿ ಬಂತು. ಇನ್ನೆರಡು ಸಲ ಹೋದೆ. ಅದೇ ಮಾತು, ಅದೇ ಲೋಟ.

ನಾಲ್ಕನೇ ಸಲ ಹೆಂಡತಿಯೂ ಬಂದಳು. ಅಜ್ಜಿ ಅವಳನ್ನು ಅಡುಗೆಮನೆಗೆ ಕರೆದೊಯ್ದರು. ನಾನು ಪಡಸಾಲೆಯಲ್ಲಿ ಕ್ಯಾಲೆಂಡರ್ ಓದಿದೆ. ಮನೆಗೆ ಮೊದಲ ಸಲ ಬಂದ ಹೆಣ್ಣುಮಗಳೆಂದು ಹೊರಡುವಾಗ ಅಜ್ಜಿ ಅವಳ ಉಡಿ ತುಂಬಿದರು: ಅಕ್ಕಿ, ಕೊಬ್ಬರಿ, ಕುಬಸದ ಖಣ, ಮೇಲೊಂದು ಗುಲಾಬಿಯ ಕಪ್. ದುಡ್ಡಿನ ಮಾತೇ ಇಲ್ಲ.

ಅಂದು ಸಂಜೆ ಆರನೆಯ ಬಶಿಯ ಮೇಲೆ ಆರನೆಯ ಕಪ್ ಇಟ್ಟೆ. ಇಷ್ಟು ಸಂತೋಷ ನನಗೆ ಪಿಎಚ್‌ಡಿ ಬಂದಾಗಲೂ ಆಗಿರಲಿಲ್ಲ.

ಬೆಳಿಗ್ಗೆ ಕಪ್ ಇಲ್ಲ. ಹೆಂಡತಿ ಅದರಲ್ಲಿ ಚಹಾ ಕುಡಿಯುತ್ತಿದ್ದಳು.

"ಅದು ಸಂಗ್ರಹದ್ದು!" ಎಂದೆ.

"ಉಡಿ ತುಂಬಿದ್ದು ನನಗರೀ. ಉಡ್ಯಾಗ ಬಂದದ್ದು ಬಳಸಬೇಕು, ಕಪಾಟಿನ್ಯಾಗ ಕೀಲಿ ಹಾಕಿ ಇಡಬಾರದು."

"ಒಡದ್ರ? ಅಜ್ಜಿ ಹತ್ರ ಇದ್ದದ್ದ ಇದೊಂದು!"

"ಯಾರು ಹೇಳಿದ್ರು? ವಿಭೂತಿ ಕಪ್ ಇನ್ನೂ ಗೂಡಿನ್ಯಾಗನ ಐತಿ. ಇದು ಅಡಗಿಮನ್ಯಾಂದು. ಅಲ್ಲಿ ಇನ್ನೂ ಹನ್ನೊಂದು ಅದಾವ. ದಿನಾ ಚಾ ಕುಡ್ಯೂದ ಅವರು ಅದರಾಗ."